ಚಿಕ್ಕಬಳ್ಳಾಪುರ ಜಿಲ್ಲೆಯ ಭೂಗರ್ಭ ಸಂಪತ್ತು: ಕಲ್ಲು, ಇಂಧನ ಖನಿಜ ಮತ್ತು ಅಂತರ್ಜಲ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಜಿಲ್ಲೆಯಾಗಿರುತ್ತದೆ. ಈ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸಾರ್ವಜನಿಕರು ಕಲ್ಲುಗಣಿ ಗುತ್ತಿಗೆ, ಜಲ್ಲಿ ಕ್ರಷರ್ ಲೈಸೆನ್ಸ್, ಖನಿಜ ಸಾಗಾಣಿಕೆ ಪರವಾನಗಿ ಹಾಗೂ ಕೊಳವೆಬಾವಿ ಅನುಮತಿಗಾಗಿ ವಿವಿಧ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಇಂತಹ ಪ್ರತಿಯೊಂದು ಅರ್ಜಿಯ ಹಿಂದೆಯೂ ಒಂದು ಭೂವೈಜ್ಞಾನಿಕ ಪರಿಶೀಲನೆ ಇರುತ್ತದೆ. ಜಮೀನು ತಮ್ಮದೇ ಆಗಿರುವಾಗ, ಬಂಡೆಯು ಕಣ್ಣೆದುರಿಗೇ ಇರುವಾಗ ಪರಿಶೀಲನೆಯ ಅಗತ್ಯವೇನು ಎಂಬುದು ಅರ್ಜಿದಾರರ ಸಹಜ ಪ್ರಶ್ನೆ.

ಇದಕ್ಕೆ ಉತ್ತರ ಸರಳವಾಗಿದೆ. ಈ ಜಿಲ್ಲೆಯಲ್ಲಿ ಮಾರಾಟಕ್ಕೆ ಬರುವ ಕಲ್ಲು ಮತ್ತು ಕುಡಿಯಲು, ಬೆಳೆಯಲು ಬೇಕಾದ ನೀರು ಎರಡೂ ಒಂದೇ ಬಂಡೆಯಲ್ಲಿವೆ. ಬಂಡೆಯು ಗಟ್ಟಿಯಾಗಿರುವಲ್ಲಿ ಕಲ್ಲು ದೊರೆಯುತ್ತದೆ. ಅದು ಬಿರುಕುಬಿಟ್ಟಿರುವಲ್ಲಿ ನೀರು ದೊರೆಯುತ್ತದೆ. ಒಂದನ್ನು ತೆಗೆಯುವಾಗ ಇನ್ನೊಂದಕ್ಕೆ ಹಾನಿಯಾಗದಂತೆ ನೋಡಿಕೊಳ್ಳುವುದೇ ಪರಿಶೀಲನೆಯ ಉದ್ದೇಶ. ಈ ವಿಷಯವನ್ನು ಅರ್ಜಿದಾರರಿಗೆ ವಿವರಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಜಿಲ್ಲೆಯ ಭೂರಚನೆ

ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆಯು ಸ್ಥಾಪನೆಯಾಯಿತು. ರಾಬರ್ಟ್ ಬ್ರೂಸ್ ಫೂಟ್ ಅವರು ಅದರ ಮೊದಲ ಮುಖ್ಯಸ್ಥರಾಗಿದ್ದರು. ನಂತರ ಇಲಾಖೆಯ ನೇತೃತ್ವ ವಹಿಸಿದ ಡಾ. ಡಬ್ಲ್ಯೂ.ಎಫ್. ಸ್ಮೀತ್ ಅವರು ಈ ಭಾಗದಲ್ಲಿ ವಿಸ್ತಾರವಾಗಿ ಹರಡಿರುವ ಪಟ್ಟೆಪಟ್ಟೆಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯು ಇದೇ ಶಿಲೆಯದಾಗಿದ್ದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಬಹುಭಾಗವು ಈ ನೈಸ್ ಮತ್ತು ಗ್ರಾನೈಟ್ ಶಿಲೆಗಳಿಂದ ಕೂಡಿದೆ. ಸಮುದ್ರ ಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದ ನಂದಿ ಬೆಟ್ಟ ಹಾಗೂ ಅದರ ಸುತ್ತಲಿನ ಬೆಟ್ಟಗಳು, ಚಿಂತಾಮಣಿ ಬಳಿಯ ಅಂಬಾಜಿದುರ್ಗದ ಬಂಡೆಗಳು ಇದಕ್ಕೆ ಉದಾಹರಣೆಗಳು. ಪೂರ್ವ ಕರ್ನಾಟಕದ ಈ ಗ್ರಾನೈಟ್‌ಗಳು ಸುಮಾರು 250ರಿಂದ 270 ಕೋಟಿ ವರ್ಷಗಳಷ್ಟು ಹಳೆಯವು. ಭೂಮಿಯ ಆಳದಲ್ಲಿ ಕರಗಿದ ದ್ರವವು ನಿಧಾನವಾಗಿ ತಣಿದು ಗಟ್ಟಿಯಾದುದರಿಂದ ಇವುಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ.

ಈ ಹಳೆಯ ಶಿಲೆಗಳನ್ನು ಸೀಳಿಕೊಂಡು ಅಲ್ಲಲ್ಲಿ ಕಪ್ಪು ಕಲ್ಲಿನ ಉದ್ದನೆಯ ಗೋಡೆಗಳಂತಹ ರಚನೆಗಳು ಹಾದುಹೋಗಿವೆ. ಇವುಗಳನ್ನು ‘ಡೈಕ್’ ಎಂದು ಕರೆಯುತ್ತಾರೆ. ಬಿರುಕುಗಳೊಳಗೆ ನುಗ್ಗಿದ ಲಾವಾರಸವು ತಣಿದು ಇವು ಉಂಟಾಗಿವೆ. ಬೆಂಗಳೂರು ಸುತ್ತಲಿನ ಪ್ರದೇಶದಲ್ಲಿ ಪೂರ್ವ–ಪಶ್ಚಿಮವಾಗಿ ಹಬ್ಬಿರುವ ಡೈಕ್‌ಗಳ ವಯಸ್ಸು ಸುಮಾರು 237 ಕೋಟಿ ವರ್ಷಗಳೆಂದು ನಿರ್ಧರಿಸಲಾಗಿದೆ. ಡೈಕ್‌ಗಳು ನೆಲದಡಿಯಲ್ಲಿ ನೀರಿನ ಹರಿವಿಗೆ ಅಡ್ಡಗಟ್ಟೆಯಂತೆ ವರ್ತಿಸುವುದರಿಂದ, ಅಕ್ಕಪಕ್ಕದ ಎರಡು ಜಮೀನುಗಳ ಪೈಕಿ ಒಂದರಲ್ಲಿ ನೀರು ದೊರೆತು ಇನ್ನೊಂದರಲ್ಲಿ ದೊರೆಯದಿರುವುದುಂಟು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1851ರಲ್ಲಿ ಸ್ಥಾಪನೆಯಾಗಿದ್ದು, ದೇಶದ ಭೂವೈಜ್ಞಾನಿಕ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಗೌರಿಬಿದನೂರು, ಚಿಕ್ಕಬಳ್ಳಾಪುರ ಮತ್ತು ಶಿಡ್ಲಘಟ್ಟ ಪಟ್ಟಣಗಳು ‘57 ಜಿ’ ನಕ್ಷಾ ವಿಭಾಗದಲ್ಲಿಯೂ, ಚಿಂತಾಮಣಿ ಪಟ್ಟಣವು ‘57 ಕೆ’ ವಿಭಾಗದಲ್ಲಿಯೂ ಬರುತ್ತವೆ. ಈ ನಕ್ಷೆಗಳು ಪ್ರದೇಶದ ಸಾಮಾನ್ಯ ರಚನೆಯನ್ನು ತಿಳಿಸುತ್ತವೆ. ಒಂದು ನಿರ್ದಿಷ್ಟ ಸರ್ವೆ ನಂಬರಿನ ವಿಷಯಕ್ಕೆ ಸ್ಥಳ ಪರಿಶೀಲನೆಯೇ ಆಧಾರ.

3. ಇಂಧನ ಖನಿಜಗಳು ಮತ್ತು ಚಿನ್ನ

ಜಮೀನಿನಲ್ಲಿ ಕಲ್ಲಿದ್ದಲು, ತೈಲ, ಚಿನ್ನ ಮುಂತಾದವು ಇರಬಹುದೇ ಎಂದು ವಿಚಾರಿಸುವವರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ತಿಳಿಸಲಾಗಿದೆ.

ಕಲ್ಲಿದ್ದಲು ಮತ್ತು ತೈಲ: ಕಲ್ಲಿದ್ದಲು ಎಂಬುದು ಪುರಾತನ ಕಾಡುಗಳ ಸಸ್ಯರಾಶಿಯು ಕೆಸರಿನಡಿ ಹೂತು, ಕೋಟ್ಯಂತರ ವರ್ಷಗಳಲ್ಲಿ ಒತ್ತಡಕ್ಕೆ ಒಳಗಾಗಿ ಉಂಟಾದ ವಸ್ತು. ಅದು ಪದರುಪದರಾದ ಜಲಜ ಶಿಲೆಗಳಲ್ಲಿ ಮಾತ್ರ ದೊರೆಯುತ್ತದೆ. ತೆಲಂಗಾಣದ ಸಿಂಗರೇಣಿ ಗಣಿಗಳು ಗೋದಾವರಿ ಕಣಿವೆಯ ಅಂತಹ ಶಿಲೆಗಳಲ್ಲಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗ್ರಾನೈಟ್ ರೂಪುಗೊಂಡ ಕಾಲದಲ್ಲಿ ಭೂಮಿಯ ಮೇಲೆ ಮರಗಿಡಗಳೇ ಇರಲಿಲ್ಲ. ಆದ್ದರಿಂದ ಈ ಬಂಡೆಗಳಲ್ಲಿ ಕಲ್ಲಿದ್ದಲು ಅಥವಾ ತೈಲವನ್ನು ನಿರೀಕ್ಷಿಸಲಾಗುವುದಿಲ್ಲ.

ಯುರೇನಿಯಂ: ಎಲ್ಲ ಗ್ರಾನೈಟ್‌ಗಳಲ್ಲಿಯೂ ಯುರೇನಿಯಂ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಸಾಮಾನ್ಯ ಗ್ರಾನೈಟ್‌ನಲ್ಲಿ ಅದು ಒಂದು ಟನ್‌ಗೆ ಸುಮಾರು 4 ಗ್ರಾಂ ಮಾತ್ರ. ಅದಿರು ಎನಿಸಿಕೊಳ್ಳಲು ಇದರ ನೂರಾರು ಪಟ್ಟು ಸಾಂದ್ರತೆ ಅಗತ್ಯ. ಕರ್ನಾಟಕದಲ್ಲಿ ಅಂತಹ ನಿಕ್ಷೇಪವನ್ನು ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಗುರುತಿಸಲಾಗಿದೆ. ಅಣು ಖನಿಜಗಳ ಅನ್ವೇಷಣೆಯನ್ನು ಹೈದರಾಬಾದಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಣು ಖನಿಜ ನಿರ್ದೇಶನಾಲಯವು ನಡೆಸುತ್ತದೆ. ಈ ಜಿಲ್ಲೆಯ ನಿವಾಸಿಗಳಿಗೆ ಯುರೇನಿಯಂ ಮುಖ್ಯವಾಗುವುದು ಇಂಧನವಾಗಿ ಅಲ್ಲ, ಕುಡಿಯುವ ನೀರಿನ ಗುಣಮಟ್ಟದ ದೃಷ್ಟಿಯಿಂದ. ಈ ವಿಷಯವನ್ನು 6ನೇ ಭಾಗದಲ್ಲಿ ವಿವರಿಸಲಾಗಿದೆ.

ಚಿನ್ನ: ಕೋಲಾರದ ಚಿನ್ನವು ಗ್ರಾನೈಟ್‌ನಲ್ಲಿ ಇರದೆ, ಅದರ ನಡುವೆ ಉತ್ತರ–ದಕ್ಷಿಣವಾಗಿ ಹಬ್ಬಿರುವ ಕಿರಿದಾದ ಷಿಸ್ಟ್ ಶಿಲಾಪಟ್ಟಿಯಲ್ಲಿದೆ. ಆ ಗಣಿಗಳು 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು, 28 ಫೆಬ್ರವರಿ 2001ರಂದು ಮುಚ್ಚಲ್ಪಟ್ಟವು. ಹೊಲಗಳಲ್ಲಿ ಮಿನುಗುವ ‘ಕಾಗೆಬಂಗಾರ’ವು ಅಭ್ರಕವೇ ಹೊರತು ಚಿನ್ನವಲ್ಲ. ಜಮೀನಿನಲ್ಲಿ ಬೆಲೆಬಾಳುವ ಖನಿಜವಿದೆ ಎಂದು ನಂಬಿಸಿ, ಪರೀಕ್ಷೆ ಅಥವಾ ಪ್ರಮಾಣಪತ್ರದ ಹೆಸರಿನಲ್ಲಿ ಹಣ ಕೇಳುವವರ ಮಾತಿಗೆ ಮರುಳಾಗಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಖನಿಜ ನಿಕ್ಷೇಪವನ್ನು ಪ್ರಾಥಮಿಕ ಸಮೀಕ್ಷೆಯಿಂದ ಆರಂಭಿಸಿ ವಿವರವಾದ ಕೊರೆತದವರೆಗೆ ನಾಲ್ಕು ಹಂತಗಳಲ್ಲಿ ದೃಢಪಡಿಸಲಾಗುತ್ತದೆ. ಒಂದು ಕಲ್ಲಿನ ಚೂರನ್ನು ನೋಡಿ ಯಾರೂ ನಿಕ್ಷೇಪವನ್ನು ಘೋಷಿಸಲಾಗುವುದಿಲ್ಲ.

4. ಗೌರಿಬಿದನೂರಿನ ಭೂಕಂಪ ಮಾಪನ ಜಾಲ

ಈ ಜಿಲ್ಲೆಯ ಗಟ್ಟಿ ಬಂಡೆಯು ವಿಜ್ಞಾನಕ್ಕೂ ನೆರವಾಗಿದೆ. ಅಣುಶಕ್ತಿ ಇಲಾಖೆಯು ಬ್ರಿಟನ್ನಿನ ಸಹಕಾರದೊಂದಿಗೆ 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪ ಮಾಪಕಗಳ ಜಾಲವನ್ನು ಸ್ಥಾಪಿಸಿತು. ಇದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಜಾಲವಾಗಿದ್ದು, ದೂರದೇಶಗಳ ಭೂಕಂಪಗಳನ್ನು ಮತ್ತು ಭೂಗತ ಅಣುಸ್ಫೋಟಗಳನ್ನು ಗುರುತಿಸಲು ರೂಪಿಸಲ್ಪಟ್ಟಿತು. 20 ಮಾಪಕಗಳನ್ನು ಲಂಬಕೋನದ ಎರಡು ಸಾಲುಗಳಲ್ಲಿ ಇರಿಸಲಾಯಿತು. ಕಂಪನವು ಒಂದೊಂದು ಮಾಪಕವನ್ನು ತಲುಪುವ ಸಮಯದ ಅಲ್ಪ ವ್ಯತ್ಯಾಸದಿಂದ ಅದು ಯಾವ ದಿಕ್ಕಿನಿಂದ ಬಂದಿದೆ ಎಂಬುದನ್ನು ಲೆಕ್ಕಹಾಕಬಹುದು. ಬಿರುಕು ಮತ್ತು ಸಡಿಲ ಮಣ್ಣು ಕಡಿಮೆ ಇರುವ ಹಳೆಯ ಗಟ್ಟಿ ಶಿಲೆಯಲ್ಲಿ ಇಂತಹ ಅಲೆಗಳು ಹೆಚ್ಚು ಸ್ಪಷ್ಟವಾಗಿ ದಾಖಲಾಗುತ್ತವೆ.

ದಕ್ಷಿಣ ಪ್ರಸ್ಥಭೂಮಿಯು ಸ್ಥಿರವಾದ ಭೂಭಾಗವಾದರೂ ಸಂಪೂರ್ಣ ನಿಶ್ಚಲವಲ್ಲ. 2021ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಜಿಲ್ಲೆಯ ಕೆಲವು ಗ್ರಾಮಗಳಲ್ಲಿ ನೆಲದೊಳಗಿನಿಂದ ಭಾರೀ ಶಬ್ದ ಕೇಳಿಬಂದು ಜನರು ಮನೆಗಳಿಂದ ಹೊರಗೆ ಬಂದಿದ್ದರು. 22 ಡಿಸೆಂಬರ್ 2021ರಂದು ಚಿಕ್ಕಬಳ್ಳಾಪುರದ ಬಳಿ ಸುಮಾರು 3 ಪ್ರಮಾಣದ ಲಘು ಕಂಪನಗಳು ದಾಖಲಾದವು. ಆ ವರ್ಷ ಅಸಾಧಾರಣ ಮಳೆಯಾಗಿತ್ತು. ವರ್ಷಗಟ್ಟಲೆ ಒಣಗಿದ್ದ ಬಿರುಕುಗಳಿಗೆ ಒಮ್ಮೆಲೇ ನೀರು ಇಳಿದಾಗ ಒಳಗಿನ ಒತ್ತಡ ಬದಲಾಗಿ, ಬಂಡೆಗಳು ಅಲ್ಪ ಪ್ರಮಾಣದಲ್ಲಿ ಸರಿಯುವುದು ಗಟ್ಟಿ ಶಿಲಾ ಪ್ರದೇಶಗಳಲ್ಲಿ ತಿಳಿದಿರುವ ಸಂಗತಿ. ಇಂತಹ ಕಂಪನಗಳು ಸಾಮಾನ್ಯವಾಗಿ ದೊಡ್ಡ ಹಾನಿಯನ್ನು ಉಂಟುಮಾಡುವುದಿಲ್ಲ.

5. ಕಟ್ಟಡ ಕಲ್ಲು ಮತ್ತು ಅಲಂಕಾರಿಕ ಶಿಲೆ

ಜಿಲ್ಲೆಯ ಪ್ರಮುಖ ಖನಿಜ ಸಂಪತ್ತು ಕಲ್ಲು. ಬಣ್ಣ ಮತ್ತು ರಚನೆಯಲ್ಲಿ ಏಕರೂಪವಾಗಿದ್ದು, ಬಿರುಕಿಲ್ಲದೆ ದೊಡ್ಡ ದಿಮ್ಮಿಗಳಾಗಿ ಕತ್ತರಿಸಬಹುದಾದ ಬಂಡೆಯು ಅಲಂಕಾರಿಕ ಶಿಲೆ ಎನಿಸಿಕೊಳ್ಳುತ್ತದೆ. ಉಳಿದದ್ದು ಸೈಜುಕಲ್ಲು, ಜಲ್ಲಿ ಮತ್ತು ಎಂ-ಸ್ಯಾಂಡ್ ತಯಾರಿಕೆಗೆ ಬಳಕೆಯಾಗುವ ಕಟ್ಟಡ ಕಲ್ಲು. ಒಂದು ಎಕರೆ ಬಂಡೆಯಲ್ಲಿ ಒಂದು ಮೀಟರ್ ಆಳಕ್ಕೆ ಸುಮಾರು 4,047 ಘನ ಮೀಟರ್, ಅಂದರೆ ಅಂದಾಜು 10,700 ಟನ್ ಕಲ್ಲು ಇರುತ್ತದೆ. ಭೂವಿಜ್ಞಾನಿಯು ಸ್ಥಳ ಪರಿಶೀಲನೆಯಲ್ಲಿ ಬಂಡೆಯ ವಿಸ್ತಾರ, ಬಿರುಕುಗಳ ದಿಕ್ಕು, ಮೇಲ್ಮಣ್ಣಿನ ದಪ್ಪ ಹಾಗೂ ಕಲ್ಲು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ದಾಖಲಿಸುತ್ತಾರೆ. ಗುತ್ತಿಗೆ ನೀಡುವ ವಿಧಾನ ಮತ್ತು ರಾಜಧನ ಈ ವರ್ಗೀಕರಣವನ್ನು ಅವಲಂಬಿಸಿರುತ್ತವೆ.

ಸ್ಫೋಟಕಗಳ ಬಳಕೆಯು ಅತ್ಯಂತ ಎಚ್ಚರಿಕೆಯ ವಿಷಯ. ಜಿಲ್ಲೆಯ ಹಿರೇನಾಗವಲ್ಲಿ ಗ್ರಾಮದ ಬಳಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸ್ಫೋಟಗೊಂಡು 6 ಜನರು ಮೃತಪಟ್ಟರು. ಅದಕ್ಕೆ ಒಂದು ತಿಂಗಳ ಹಿಂದೆ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿಯೂ ಸ್ಫೋಟಕ ದುರಂತ ಸಂಭವಿಸಿತ್ತು. ಸ್ಫೋಟಕಗಳ ಸಂಗ್ರಹ, ಸಾಗಣೆ ಮತ್ತು ಬಳಕೆಗೆ 1884ರ ಸ್ಫೋಟಕಗಳ ಅಧಿನಿಯಮ ಹಾಗೂ 2008ರ ಸ್ಫೋಟಕಗಳ ನಿಯಮಗಳಡಿ ಲೈಸೆನ್ಸ್ ಕಡ್ಡಾಯ. ಅರ್ಹತೆ ಪಡೆದ ಬ್ಲಾಸ್ಟರ್ ಮೂಲಕವೇ ಸಿಡಿಸಬೇಕು. ಉಳಿದ ಜಿಲೆಟಿನ್ ಕಡ್ಡಿಗಳನ್ನು ತೋಟ, ಪೊದೆ ಅಥವಾ ವಾಹನಗಳಲ್ಲಿ ಬಚ್ಚಿಡುವುದು ಅಪರಾಧ ಮಾತ್ರವಲ್ಲದೆ ಪ್ರಾಣಾಪಾಯವೂ ಹೌದು. ಅಂತಹ ವಸ್ತು ಕಂಡಲ್ಲಿ ಮುಟ್ಟದೆ ಕೂಡಲೇ ಪೊಲೀಸರಿಗೆ ತಿಳಿಸತಕ್ಕದ್ದು.

ಸಿಡಿತದಿಂದ ಮನೆಗಳು ಬಿರುಕುಬಿಡುತ್ತವೆ ಎಂಬ ದೂರುಗಳನ್ನು ಮಾಪನದ ಮೂಲಕ ಪರಿಶೀಲಿಸಬಹುದು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ ಮಾನದಂಡದಂತೆ, ಗಣಿ ಮಾಲೀಕರಿಗೆ ಸೇರದ ವಾಸದ ಮನೆಗಳ ಬಳಿ ನೆಲದ ಕಂಪನವು ಅದರ ಆವರ್ತನವನ್ನು ಅನುಸರಿಸಿ ಸೆಕೆಂಡಿಗೆ 5, 10 ಅಥವಾ 15 ಮಿಲಿಮೀಟರ್ ಮೀರಬಾರದು. ದೂರು ನೀಡುವವರು ಸಿಡಿತದ ದಿನಾಂಕ, ಸಮಯ ಮತ್ತು ಗಣಿಯಿಂದ ಮನೆಗಿರುವ ಅಂತರವನ್ನು ಬರೆದಿಟ್ಟುಕೊಂಡಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

6. ಬಂಡೆಯೊಳಗಿನ ನೀರು

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮುಂತಾದ ನದಿಗಳು ನಂದಿ ಬೆಟ್ಟಸಾಲಿನ ಆಸುಪಾಸಿನಲ್ಲಿ ಹುಟ್ಟುತ್ತವೆ. ಆದರೆ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಚಿಂತಾಮಣಿಯ ತರಕಾರಿ ಬೆಳೆಗಳೆಲ್ಲವೂ ಹೆಚ್ಚಾಗಿ ಕೊಳವೆಬಾವಿಯನ್ನೇ ನಂಬಿವೆ.

ನೆಲದಡಿಯಲ್ಲಿ ನೀರು ಹೊಳೆಯಂತೆ ಹರಿಯುತ್ತಿದೆ ಎಂಬ ಭಾವನೆ ಸರಿಯಲ್ಲ. ಅಂತರ್ಜಲ ಅಂದಾಜಿಗೆ ಬಳಸಲಾಗುವ ಮಾನದಂಡಗಳ ಪ್ರಕಾರ ಒಂದು ಘನ ಮೀಟರ್ ಪದರವು ಬಿಟ್ಟುಕೊಡುವ ನೀರಿನ ಪ್ರಮಾಣ ಸ್ಥೂಲವಾಗಿ ಹೀಗಿದೆ:

– ಮರಳಿನ ಪದರ: ಸುಮಾರು 160 ಲೀಟರ್
– ಶಿಥಿಲಗೊಂಡ ಗ್ರಾನೈಟ್ ಪದರ: ಸುಮಾರು 15ರಿಂದ 30 ಲೀಟರ್
– ಬಿರುಕು ಕಡಿಮೆ ಇರುವ ಗಟ್ಟಿ ಬಂಡೆ: ಸುಮಾರು 3 ಲೀಟರ್

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹೊಳೆಪಾತ್ರದ ಮರಳು ಸುತ್ತಲಿನ ಬಾವಿಗಳಿಗೆ ನೀರು ಹಿಡಿದಿಡುವ ತೊಟ್ಟಿಯಾಗಿದೆ; ಅದನ್ನು ಅಕ್ರಮವಾಗಿ ತೆಗೆದಲ್ಲಿ ನಷ್ಟವಾಗುವುದು ಮರಳು ಮಾತ್ರವಲ್ಲ. ಎರಡನೆಯದಾಗಿ, ಮೇಲಿನ ಶಿಥಿಲ ಪದರವು ಒಣಗಿದ ಮೇಲೆ ಸಾವಿರ ಅಡಿಗೂ ಮೀರಿ ಕೊರೆದರೂ ಹೆಚ್ಚು ನೀರು ದೊರೆಯುವ ಭರವಸೆಯಿಲ್ಲ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ.

ಇನ್ನೊಂದು ಲೆಕ್ಕವನ್ನು ಗಮನಿಸಬಹುದು. ಇಂತಹ ನೆಲದಲ್ಲಿ ಮಳೆಯ ನೀರಿನ ಶೇಕಡ 8ರಿಂದ 11 ಭಾಗ ಮಾತ್ರ ಅಂತರ್ಜಲವನ್ನು ಸೇರುತ್ತದೆಂದು ಅಂದಾಜಿಸಲಾಗುತ್ತದೆ. 700 ಮಿಲಿಮೀಟರ್ ಮಳೆಗೆ ಇದು 56ರಿಂದ 77 ಮಿಲಿಮೀಟರ್. ಒಂದು ಎಕರೆಗೆ ವರ್ಷಕ್ಕೆ ಸುಮಾರು 2.3 ಲಕ್ಷದಿಂದ 3.1 ಲಕ್ಷ ಲೀಟರ್. ಗಂಟೆಗೆ 2,000 ಗ್ಯಾಲನ್ ನೀರೆತ್ತುವ ಪಂಪು ದಿನಕ್ಕೆ 6 ಗಂಟೆ ನಡೆದರೆ ಸುಮಾರು 54,500 ಲೀಟರ್ ಎತ್ತುತ್ತದೆ. ಅಂದರೆ ಒಂದು ಎಕರೆಯಲ್ಲಿ ಇಡೀ ವರ್ಷ ಇಂಗಿದ ಮಳೆನೀರು ನಾಲ್ಕರಿಂದ ಆರು ದಿನಗಳಲ್ಲಿ ಮುಗಿಯುತ್ತದೆ. ಉಳಿದ ದಿನಗಳಲ್ಲಿ ಎತ್ತುವ ನೀರು ನೆರೆಹೊರೆಯ ಜಮೀನಿನದು ಅಥವಾ ಹಿಂದಿನ ವರ್ಷಗಳ ಉಳಿತಾಯದ್ದು. ವಾರ್ಷಿಕವಾಗಿ ತೆಗೆಯಬಹುದಾದ ನೀರಿಗಿಂತ ಹೆಚ್ಚು ಎತ್ತುವ ಪ್ರದೇಶವನ್ನು ‘ಅತಿಬಳಕೆ’ ಪ್ರದೇಶವೆಂದು ವರ್ಗೀಕರಿಸಲಾಗುತ್ತದೆ. ಈ ಜಿಲ್ಲೆಯ ತಾಲ್ಲೂಕುಗಳು ಹಲವು ಸಮೀಕ್ಷೆಗಳಲ್ಲಿ ಈ ವರ್ಗದಲ್ಲಿ ಗುರುತಿಸಲ್ಪಟ್ಟಿವೆ. ಬೆಂಗಳೂರಿನ ಸಂಸ್ಕರಿತ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಉದ್ದೇಶವೂ ಅಂತರ್ಜಲ ಮರುಪೂರಣವೇ ಆಗಿದೆ.

ನೀರಿನ ಗುಣಮಟ್ಟ: ಗ್ರಾನೈಟ್‌ನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯೊಳಗೆ ದೀರ್ಘಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಸೂಕ್ತ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಯುರೇನಿಯಂನ ಮಿತಿ ಲೀಟರಿಗೆ 0.03 ಮಿಲಿಗ್ರಾಂ. ಪೂರ್ವ ಕರ್ನಾಟಕದ ಗ್ರಾನೈಟ್ ಪ್ರದೇಶದ ಹಳ್ಳಿಗಳ ಕುರಿತು 2021ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವು ಹಲವು ಕೊಳವೆಬಾವಿಗಳಲ್ಲಿ ಈ ಮಿತಿಗಿಂತ ಹೆಚ್ಚು ಯುರೇನಿಯಂ ಇರುವುದನ್ನು ವರದಿ ಮಾಡಿದೆ. ಇವೆರಡೂ ರುಚಿ, ಬಣ್ಣ, ವಾಸನೆಯಿಂದ ತಿಳಿಯುವುದಿಲ್ಲ. ಕುದಿಸುವುದರಿಂದ ಹೋಗುವುದೂ ಇಲ್ಲ. ಆದ್ದರಿಂದ ಹೊಸ ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುವ ಮುನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಅವಶ್ಯಕ.

7. ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳು

(ಅ) ಖನಿಜದ ಹಕ್ಕು: 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 70ನೇ ಪ್ರಕರಣದಂತೆ, ಹಿಂದಿನ ಕಾನೂನಿನಲ್ಲಿ ಅಥವಾ ಮಂಜೂರಾತಿಯ ಷರತ್ತಿನಲ್ಲಿ ಬೇರೆ ರೀತಿ ಇದ್ದ ಹೊರತು, ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದಾಗಿರುತ್ತದೆ. ಪಹಣಿಯಲ್ಲಿ ಹೆಸರಿರುವುದೊಂದೇ ಕಲ್ಲು ತೆಗೆದು ಮಾರಲು ಸಾಕಾಗುವುದಿಲ್ಲ.

(ಆ) ಗುತ್ತಿಗೆ: ಕಟ್ಟಡ ಕಲ್ಲು, ಅಲಂಕಾರಿಕ ಶಿಲೆ, ಸಾಮಾನ್ಯ ಮರಳು ಮುಂತಾದವು ಉಪಖನಿಜಗಳು. 1957ರ ಗಣಿ ಮತ್ತು ಖನಿಜಗಳ ಅಧಿನಿಯಮದ 15ನೇ ಪ್ರಕರಣದಡಿ ಇವುಗಳ ಬಗ್ಗೆ ನಿಯಮ ರಚಿಸುವ ಅಧಿಕಾರ ರಾಜ್ಯಕ್ಕಿದೆ. ಕರ್ನಾಟಕದಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳು ಜಾರಿಯಲ್ಲಿದ್ದು, 2016ರ ತಿದ್ದುಪಡಿಯ ಮೂಲಕ ಹರಾಜು ಪದ್ಧತಿಯನ್ನು ತರಲಾಯಿತು.

(ಇ) ಪರಿಶೀಲನೆ ಮತ್ತು ಅನುಮೋದನೆ: ಅರ್ಜಿಯೊಂದಿಗೆ ಪಹಣಿ, ಸರ್ವೆ ನಕ್ಷೆ ಹಾಗೂ ನಿಗದಿತ ಶುಲ್ಕದ ರಸೀದಿ ಇರಬೇಕು. ಕಂದಾಯ ಮತ್ತು ಅರಣ್ಯ ಇಲಾಖೆಗಳ ಅಭಿಪ್ರಾಯ, ಭೂವಿಜ್ಞಾನಿಯ ವರದಿ, ಅನುಮೋದಿತ ಕ್ವಾರಿ ಯೋಜನೆ, ಪರಿಸರ ಅನುಮತಿ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಅಗತ್ಯ. ಚಿಕ್ಕ ವಿಸ್ತೀರ್ಣದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 27 ಫೆಬ್ರವರಿ 2012ರ ಆದೇಶದಲ್ಲಿ ತಿಳಿಸಿದೆ.

(ಈ) ಕ್ರಷರ್: ಜಲ್ಲಿ ಕ್ರಷರ್ ಘಟಕಗಳಿಗೆ 2011ರ ಕರ್ನಾಟಕ ಕಲ್ಲು ಕ್ರಷರ್‌ಗಳ ನಿಯಂತ್ರಣ ಅಧಿನಿಯಮದಡಿ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕು. ಗಣಿ ಗುತ್ತಿಗೆಯೇ ಕ್ರಷರ್ ಲೈಸೆನ್ಸ್ ಆಗುವುದಿಲ್ಲ.

(ಉ) ಸಾಗಾಣಿಕೆ: ರಾಜಧನ ಪಾವತಿಸಿ ಪರವಾನಗಿ ಪಡೆಯದೆ ಖನಿಜವನ್ನು ಸಾಗಿಸುವಂತಿಲ್ಲ. ಅಕ್ರಮ ಗಣಿಗಾರಿಕೆ ಮತ್ತು ಸಾಗಾಣಿಕೆಗೆ 1957ರ ಅಧಿನಿಯಮದ 21ನೇ ಪ್ರಕರಣದಡಿ 5 ವರ್ಷಗಳವರೆಗೆ ಸೆರೆವಾಸ ಹಾಗೂ ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಮನೆ ಕಟ್ಟುವವರು ಜಲ್ಲಿ, ಎಂ-ಸ್ಯಾಂಡ್ ಖರೀದಿಸುವಾಗ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯುವುದು ಒಳಿತು.

(ಊ) ಕೊಳವೆಬಾವಿ: 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಡಿ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಅನುಮತಿ ಪಡೆಯಬೇಕು; ಕೊರೆಯುವ ರಿಗ್ ನೋಂದಣಿಯಾಗಿರಬೇಕು. ಸರ್ವೋಚ್ಚ ನ್ಯಾಯಾಲಯದ 2010ರ ಮಾರ್ಗಸೂಚಿಯಂತೆ 15 ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡಬೇಕು. ವಿಫಲವಾದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕು. ಬಾಯಿ ತೆರೆದ ಕೊಳವೆಬಾವಿಗಳು ಮಕ್ಕಳ ಪ್ರಾಣಕ್ಕೆ ಕುತ್ತಾಗಿರುವುದನ್ನು ಎಲ್ಲರೂ ಬಲ್ಲರು.

8. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಜಮೀನಿನಲ್ಲಿ ಗಣಿ ಆರಂಭವಾದರೆ ನಮ್ಮ ಕೊಳವೆಬಾವಿ ಬತ್ತುವುದೇ?
ಉತ್ತರ: ಎಲ್ಲ ಸಂದರ್ಭಗಳಲ್ಲಿಯೂ ಅಲ್ಲ. ಗಣಿಯು ನೀರಿನ ಮಟ್ಟಕ್ಕಿಂತ ಮೇಲಿದ್ದು, ಎರಡರ ನಡುವೆ ಬಿರುಕಿನ ಸಂಪರ್ಕವಿಲ್ಲದಿದ್ದಲ್ಲಿ ಪರಿಣಾಮ ಕಡಿಮೆ. ಗಣಿಯಲ್ಲಿ ನೀರು ಕಾಣಿಸಿಕೊಂಡು ಅದನ್ನು ಪಂಪಿನಿಂದ ಹೊರಹಾಕುತ್ತಿದ್ದಲ್ಲಿ ಸುತ್ತಲಿನ ಬಾವಿಗಳಿಗೆ ಧಕ್ಕೆಯಾಗಬಹುದು. ಕೊಳವೆಬಾವಿಯ ಇಳುವರಿಯನ್ನು ಗಣಿ ಆರಂಭಕ್ಕೆ ಮುನ್ನವೇ ದಾಖಲಿಸಿಟ್ಟುಕೊಂಡಲ್ಲಿ ಮುಂದೆ ದೂರಿಗೆ ಆಧಾರವಾಗುತ್ತದೆ.

ಪ್ರಶ್ನೆ: ತೆಂಗಿನಕಾಯಿ ಅಥವಾ ಕಡ್ಡಿ ಹಿಡಿದು ನೀರು ತೋರಿಸುವುದನ್ನು ನಂಬಬಹುದೇ?
ಉತ್ತರ: ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಭೂವಿಜ್ಞಾನಿಗಳು ನೆಲದೊಳಗೆ ವಿದ್ಯುತ್ ಹರಿಸಿ ಅದರ ತಡೆಯನ್ನು ಅಳೆದು, ಶಿಥಿಲ ಪದರದ ದಪ್ಪ ಮತ್ತು ಬಿರುಕುಗಳ ಸಾಧ್ಯತೆಯನ್ನು ಅಂದಾಜಿಸುತ್ತಾರೆ. ಇದೂ ಖಚಿತ ಭರವಸೆಯಲ್ಲ. ಆದರೆ ವಿಫಲವಾಗಬಹುದಾದ ಸ್ಥಳಗಳನ್ನು ಮೊದಲೇ ಕೈಬಿಡಲು ನೆರವಾಗುತ್ತದೆ.

ಪ್ರಶ್ನೆ: ಗಣಿಗಾರಿಕೆಯಿಂದ ತೊಂದರೆಗೊಳಗಾದ ಗ್ರಾಮಗಳಿಗೆ ಯಾವ ಸೌಲಭ್ಯವಿದೆ?
ಉತ್ತರ: 1957ರ ಅಧಿನಿಯಮದ 9ಬಿ ಪ್ರಕರಣದಡಿ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಗೆ ಗುತ್ತಿಗೆದಾರರು ವಂತಿಗೆ ನೀಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮುಂತಾದ ಕಾಮಗಾರಿಗಳಿಗಾಗಿ ಗ್ರಾಮ ಪಂಚಾಯಿತಿ ಮೂಲಕ ಪ್ರಸ್ತಾವನೆ ಸಲ್ಲಿಸಬಹುದು.

ಪ್ರಶ್ನೆ: ಭೂವಿಜ್ಞಾನಿಯ ವರದಿಯ ಪ್ರತಿಯನ್ನು ಪಡೆಯಬಹುದೇ?
ಉತ್ತರ: 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ ಕೋರಬಹುದು.

9. ಸೂಚನೆ

ಕಡಿದ ಬಂಡೆಯು ಮತ್ತೆ ಬೆಳೆಯುವುದಿಲ್ಲ. ಬರಿದಾದ ಬಿರುಕು ತುಂಬಲು ಹಲವು ಮಳೆಗಾಲಗಳು ಬೇಕಾಗುತ್ತವೆ. ಸ್ಥಳ ಪರಿಶೀಲನೆಗೆ ತಗಲುವ ಕಾಲವು ಇವೆರಡನ್ನೂ ಉಳಿಸಿಕೊಳ್ಳುವ ಸಲುವಾಗಿಯೇ ಆಗಿದೆ. ಅರ್ಜಿದಾರರು ಜಮೀನಿನ ಗಡಿ, ಅಲ್ಲಿರುವ ಬಾವಿ ಮತ್ತು ಕೊಳವೆಬಾವಿಗಳು, ಸಮೀಪದ ಮನೆ, ಕೆರೆ ಹಾಗೂ ಹಳ್ಳಗಳ ವಿವರವನ್ನು ಮರೆಮಾಚದೆ ನೀಡಿ, ಪರಿಶೀಲನೆಯ ದಿನ ಖುದ್ದು ಹಾಜರಿದ್ದು ಸಹಕರಿಸಬೇಕಾಗಿ ಕೋರಲಾಗಿದೆ. ರಾಜಧನ ಮತ್ತು ಶುಲ್ಕದ ದರಗಳು ಸರ್ಕಾರದ ಅಧಿಸೂಚನೆಯಂತೆ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ದರವನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.